ಕಾಲುಸಂಕದ ಆಚೆ



ನಮ್ಮೂರು ಮಲೆನಾಡಿನ ಒಂದು ಮೂಲೆ. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ. ದಾಟುವುದಕ್ಕೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರ ಗಳ. ಮಳೆ ಹಿಡಿದರೆ ಕೆಂಪು ನೀರು ಸಂಕದ ಹೊಟ್ಟೆ ಮುಟ್ಟುತ್ತಿತ್ತು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಬಂದು ನನ್ನನ್ನೂ ತಂಗಿಯನ್ನೂ ಒಬ್ಬೊಬ್ಬರಾಗಿ ದಾಟಿಸುತ್ತಿದ್ದರು. "ನೀರು ನೋಡಬೇಡ ಮಗಾ, ಆಚೆ ದಡ ನೋಡು" ಅನ್ನುತ್ತಿದ್ದರು.

1983ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಗಣಿತಕ್ಕೆ ಸರಿಯಾಗಿ 35. ಮುಂದೆ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಎರಡು ವರ್ಷ ಬೇರೆಯವರ ತೋಟದಲ್ಲಿ ಅಡಿಕೆ ಕೊನೆ ಹೊತ್ತೆ. ಹದಿನೆಂಟು ತುಂಬಿದ ವರ್ಷ ಸೇನಾ ಭರ್ತಿಗೆ ಹೋಗಿ ಓಟದಲ್ಲಿ ಗೆದ್ದೆ. ದೇಶಸೇವೆಯ ದೊಡ್ಡ ಮಾತು ಅಂದು ನನ್ನ ತಲೆಯಲ್ಲಿ ಇರಲಿಲ್ಲ. ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕಿತ್ತು, ಅಷ್ಟೆ. ಆ ದೊಡ್ಡ ಮಾತಿನ ಅರ್ಥ ನಿಧಾನವಾಗಿ, ಕೈ ಕೆಲಸದ ಮೂಲಕ ನನಗೆ ತಿಳಿಯಿತು.

ನಾನು ಸೇರಿದ್ದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಲ್ಲಿ ಹುಟ್ಟಿದ ಪಡೆ. ದಕ್ಷಿಣದ ರಾಜ್ಯಗಳ ಹುಡುಗರೇ ಹೆಚ್ಚು. ಯಾರ ಮನೆಮಾತು ಏನೇ ಇರಲಿ, ಅಲ್ಲಿ ಎಲ್ಲರಿಗೂ ಒಂದೇ ಹೆಸರು: ತಂಬಿ. ಕೋವಿಯ ಜೊತೆಗೆ ನಮ್ಮ ಕೈಗೆ ಬಂದದ್ದು ಹಾರೆ, ಗುದ್ದಲಿ, ಸುತ್ತಿಗೆ, ಪಿನ್ನು. ಸೇನೆ ಮುಂದೆ ಹೋಗಬೇಕಾದರೆ ದಾರಿ ಬೇಕು, ಸೇತುವೆ ಬೇಕು. ಅದನ್ನು ಮಾಡಿಕೊಡುವವರು ನಾವು.

ಬೈಲಿ ಸೇತುವೆಯ ಹೆಸರು ನೀವು ಕೇಳಿರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ್ದು. ಅದರ ಒಂದು ಉಕ್ಕಿನ ಪ್ಯಾನೆಲ್ ಹತ್ತಡಿ ಉದ್ದ, ಸುಮಾರು 260 ಕಿಲೊ ತೂಕ. ಕ್ರೇನ್ ಬೇಕಿಲ್ಲ. ಆರು ಜನ ಮೂರು ಸರಳು ತೂರಿಸಿ ಎತ್ತುತ್ತಾರೆ. ನಮ್ಮ ಆರು ಜನರಲ್ಲಿ ಇಬ್ಬರು ತಮಿಳರು, ಇಬ್ಬರು ತೆಲುಗರು, ಒಬ್ಬ ಮಲಯಾಳಿ, ನಾನು. ಮೊದಲ ತಿಂಗಳು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಒಬ್ಬ ಕೈಬಿಟ್ಟರೆ ಉಳಿದವರ ಕಾಲು ಜಜ್ಜಿಹೋಗುತ್ತದೆ ಎನ್ನುವುದು ಮೊದಲ ದಿನವೇ ಅರ್ಥವಾಗಿತ್ತು.

ಈ ಸೇತುವೆ ಕಟ್ಟುವ ರೀತಿ ಚೆಂದ. ಸಾಮಾನ್ಯವಾಗಿ ಹೊಳೆಯ ನಡುವೆ ಕಂಬ ನಿಲ್ಲಿಸುವುದಿಲ್ಲ. ಇಡೀ ಸೇತುವೆಯನ್ನು ಈಚೆ ದಡದಲ್ಲೇ ಜೋಡಿಸಿ, ಉರುಳೆಗಳ ಮೇಲೆ ಆಚೆ ದಡಕ್ಕೆ ನೂಕುತ್ತೇವೆ. ಮುಂದಿನ ಮೂತಿ ಹಗುರ, ಹಿಂದಿನ ಭಾಗ ಭಾರ. ಹಿಂದೆ ಆ ಭಾರ ಇಲ್ಲದಿದ್ದರೆ ಮುಂದಿನದು ಹೊಳೆಗೆ ಮಗುಚಿಕೊಳ್ಳುತ್ತದೆ. ಎಷ್ಟು ಮುಂದಕ್ಕೆ ಎಷ್ಟು ಹಿಂದಕ್ಕೆ ಎನ್ನುವ ಲೆಕ್ಕ ತಪ್ಪಬಾರದು. ಗಣಿತಕ್ಕೆ 35 ತೆಗೆದ ನಾನೇ ಆ ಲೆಕ್ಕವನ್ನು ಕೊನೆಕೊನೆಗೆ ಹೊಸ ಹುಡುಗರಿಗೆ ಕಲಿಸುತ್ತಿದ್ದೆ.

1995ರ ಜುಲೈ. ನಾನು ಲಡಾಖಿನಲ್ಲಿ ಲಾರಿಗಳು ದಾಟುವ ಸೇತುವೆ ಕಟ್ಟುತ್ತಿದ್ದೆ. ಅದೇ ತಿಂಗಳು ಊರಲ್ಲಿ ನನ್ನ ಹೆಂಡತಿಗೆ ಹೆರಿಗೆ ನೋವು ಬಂತು. ಹಳ್ಳ ತುಂಬಿ ಹರಿಯುತ್ತಿತ್ತು. ನೆರೆಮನೆಯವರು ಅವಳನ್ನು ಕಂಬಳಿ ಜೋಲಿಯಲ್ಲಿ ಮಲಗಿಸಿ, ಆ ಎರಡು ಅಡಿಕೆ ಮರದ ಮೇಲೆ ನಡೆದು ದಾಟಿಸಿದರು. ಮಗಳು ಹುಟ್ಟಿದ ಸುದ್ದಿ ಇನ್‌ಲ್ಯಾಂಡ್ ಪತ್ರದಲ್ಲಿ ಬಂತು. ನಮ್ಮ ವಿಳಾಸದಲ್ಲಿ ಊರಿನ ಜಾಗಕ್ಕೆ 56 ಎ.ಪಿ.ಓ. ಎಂಬ ಸೇನಾ ಅಂಚೆಯ ಹೆಸರಷ್ಟೇ ಇರುತ್ತಿತ್ತು, ಗಂಡ ಯಾವ ಬೆಟ್ಟದಲ್ಲಿ ಇದ್ದಾನೆ ಎಂಬುದು ಬರೆಯುವವಳಿಗೂ ಗೊತ್ತಿರುತ್ತಿರಲಿಲ್ಲ. ಪತ್ರದಲ್ಲಿ ಜೋಲಿಯ ವಿಷಯವೇ ಇರಲಿಲ್ಲ. ರಜೆಗೆ ಹೋದಾಗ ಅಮ್ಮ ಹೇಳಿದ್ದು. ಹಿಂದಿನ ಭಾರ ಯಾರು ಹೊತ್ತಿದ್ದರು ಎಂದು ಅವತ್ತು ನನಗೆ ತಿಳಿಯಿತು.

ಇನ್ನೊಂದು ಸಂಗತಿ ಹೇಳಲೇಬೇಕು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೇನೆ ಪಶ್ಚಿಮದ ಗಡಿಗೆ ಹೋಗಿ ನಿಂತಿತು. ಆಪರೇಷನ್ ಪರಾಕ್ರಮ್. ಗಡಿಯುದ್ದಕ್ಕೂ ನೆಲಬಾಂಬು ಹೂಳುವ ಕೆಲಸ ಎಂಜಿನಿಯರ್ ಪಡೆಗಳದ್ದು. ಯುದ್ಧ ಆಗಲಿಲ್ಲ. ಆದರೂ ಆ ಬಾಂಬುಗಳಿಂದಲೇ ನಮ್ಮವರು ಹಲವರು ಸತ್ತರು, ಕಾಲು ಕಳೆದುಕೊಂಡರು. ಹೂಳುವುದಕ್ಕಿಂತ ತೆಗೆಯುವುದು ಕಷ್ಟ. ಮಣ್ಣು ಸರಿದಿರುತ್ತದೆ, ಹುಲ್ಲು ಬೆಳೆದಿರುತ್ತದೆ, ನಕ್ಷೆಯಲ್ಲಿ ಇದ್ದದ್ದು ಇದ್ದಲ್ಲೇ ಇರುವುದಿಲ್ಲ.

ನಾವು ತೆಗೆಯುತ್ತಿದ್ದದ್ದು ಪಂಜಾಬಿನ ಒಬ್ಬ ಮುದುಕರ ಗೋಧಿ ಹೊಲದಲ್ಲಿ. ದಿನಾ ಬೆಳಿಗ್ಗೆ ಬಂದು ದೂರದ ಬದುವಿನ ಮೇಲೆ ಕೂರುತ್ತಿದ್ದರು. "ಪುತ್ತರ್, ನನ್ನ ಹೊಲ ಯಾವಾಗ ಬಿಡ್ತೀರಿ?" ಅದೊಂದೇ ಪ್ರಶ್ನೆ. ಕೊನೆಗೆ ಎಣಿಸಿದರೆ ಒಂದು ಕಮ್ಮಿ. ಮೂರು ದಿನ ಮಂಡಿಯೂರಿ, ಕಡ್ಡಿ ಚುಚ್ಚಿ ಚುಚ್ಚಿ ಹುಡುಕಿದೆವು. ಮಳೆನೀರು ಅದನ್ನು ಕಾಲುವೆಯ ಅಂಚಿಗೆ ಎಳೆದೊಯ್ದಿತ್ತು. ಅದು ಸಿಕ್ಕ ಮೇಲೆ ನಮ್ಮ ಅಧಿಕಾರಿ ಆ ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ತಾವೇ ಮೊದಲು ನಡೆದರು. ಹಿಂದೆ ನಾವು. ಆಮೇಲೆ ಆ ಮುದುಕರು ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದರು. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ದೊಡ್ಡ ಕೆಲಸ ಯಾವುದೆಂದರೆ, ಆ ಹೊಲವನ್ನು ವಾಪಸು ಕೊಟ್ಟದ್ದು.

2009ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಹೆಸರು, ನಂಬರು ಬರೆದ ಕಪ್ಪು ಟ್ರಂಕು ಹೊತ್ತು ಹಳ್ಳದ ಹತ್ತಿರ ಬಂದರೆ ಅದೇ ಕಾಲುಸಂಕ. ಮರ ಮಾತ್ರ ಬೇರೆ. ಅಪ್ಪಯ್ಯ ಇರಲಿಲ್ಲ. ಅವರು ತೀರಿಕೊಂಡ ಚಳಿಗಾಲ ಲಡಾಖಿನಿಂದ ಬರುವ ಜೋಜಿಲಾ ದಾರಿ ಹಿಮದಲ್ಲಿ ಮುಚ್ಚಿತ್ತು, ನಾನು ಮನೆ ಮುಟ್ಟುವಷ್ಟರಲ್ಲಿ ವೈಕುಂಠ ಸಮಾರಾಧನೆ ಮುಗಿದಿತ್ತು.

2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ ನಮ್ಮ ತಂಬಿಗಳು ರಾತ್ರಿ ಹಗಲು ದುಡಿದು 190 ಅಡಿಯ ಬೈಲಿ ಸೇತುವೆ ನಿಲ್ಲಿಸಿದರು. ಟಿ.ವಿ. ಮುಂದೆ ಕೂತ ನನ್ನ ಕೈ ತಾನಾಗಿಯೇ ಮುಷ್ಟಿ ಕಟ್ಟಿತ್ತು. ಆಗಸ್ಟ್ 1ರಂದು ಅದರ ಮೇಲೆ ಗಾಡಿ ಹೋದದ್ದನ್ನು ನೋಡಿ ಅತ್ತೆ.

ನಮ್ಮ ಹಳ್ಳಕ್ಕೆ ಗಟ್ಟಿ ಸೇತುವೆ ಕೇಳಿ ಅರ್ಜಿ ಕೊಟ್ಟಿದ್ದೇವೆ, ಕೊಡುತ್ತಲೇ ಇರುತ್ತೇವೆ. ಅಲ್ಲಿಯವರೆಗೆ ಪ್ರತಿ ಮೇ ತಿಂಗಳು ಊರಿನ ಹುಡುಗರನ್ನು ಕರೆದುಕೊಂಡು ನಾನೇ ಇಳಿಯುತ್ತೇನೆ. ಪೊಳ್ಳಾದ ಮರ ತೆಗೆದು ಹೊಸದು ಹಾಕುತ್ತೇವೆ. ಕಾಲು ಜಾರದ ಹಾಗೆ ಕೋಳಿಗೂಡಿನ ತಂತಿಬಲೆ ಹೊಡೆಯುತ್ತೇವೆ. ಎರಡೂ ಬದಿಗೆ ಹಿಡಿದುಕೊಳ್ಳುವ ಗಳ ಕಟ್ಟುತ್ತೇವೆ.

ನಿಮ್ಮೂರಲ್ಲೂ ಮಕ್ಕಳು ದಾಟುವ ಕಾಲುಸಂಕ ಇದ್ದರೆ, ಮೃಗಶಿರಾ ಮಳೆ ಬರುವ ಮೊದಲು ಒಮ್ಮೆ ಹೋಗಿ ಅದರ ಮೇಲೆ ನಿಂತು ನೋಡಿ. ಹಿಡಿದುಕೊಳ್ಳುವ ಗಳವನ್ನು ಜೋರಾಗಿ ಅಲುಗಿಸಿ. ಅಲುಗಿದರೆ ಅವತ್ತೇ ಬಿಗಿಯಿರಿ.