ಸಮಾಧಾನ ಹೇಳೋಕೂ ಟ್ರೈನಿಂಗ್ ಬೇಕಾ? ಇಂಟರ್‌ಫೇತ್ ಮಿನಿಸ್ಟರ್‌ಗಳನ್ನ ತಯಾರು ಮಾಡೋ ಗುರುಗಳ ಕಥೆ

ಇವತ್ತಿನ ಎಪಿಸೋಡ್ ಆಸ್ಪತ್ರೆಯ ಒಂದು ರೂಮಿನಿಂದ ಶುರುವಾಗುತ್ತೆ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ನಮ್ಮಜ್ಜಿ ಅಡ್ಮಿಟ್ ಆಗಿದ್ಲು. ಕ್ಯಾನ್ಸರ್ ಕೊನೇ ಹಂತಕ್ಕೆ ಬಂದಿದೆ ಅಂತ ಡಾಕ್ಟರ್ ನಮ್ಮಪ್ಪನಿಗೆ ಹೇಳಿದ್ರು. ಅಜ್ಜಿಗೆ ನಾವ್ಯಾರೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಹಾಗೇ ಅಲ್ವಾ? ಕಾಯಿಲೆ ಯಾರಿಗೆ ಬಂದಿದೆಯೋ ಅವರೊಬ್ಬರನ್ನ ಬಿಟ್ಟು ಉಳಿದೋರಿಗೆಲ್ಲ ಗೊತ್ತಿರುತ್ತೆ.

ಮಧ್ಯಾಹ್ನ ಜೊತೆಗಿರೋ ಪಾಳಿ ನನ್ನದು. ಒಂದಿನ ಅಜ್ಜಿ ಮೇಲೆ ಫ್ಯಾನ್ ನೋಡ್ತಾ ಮಲಗಿದ್ದವಳು ಇದ್ದಕ್ಕಿದ್ದಂಗೆ ಹೇಳಿದ್ಲು: "ಅರವತ್ ವರ್ಷ ಪೂಜಾ ಮಾಡೀನಿ ತಂಗಿ. ಅವಂಗ ಕೇಳಸೇತೋ ಇಲ್ಲೋ."

ನಾನು ತಕ್ಷಣ ಹೇಳಿದೆ: "ಹಂಗೆಲ್ಲಾ ಮಾತಾಡಬ್ಯಾಡ ಅಜ್ಜಿ. ದೇವರದಾನ. ಮೋಸಂಬಿ ಜ್ಯೂಸ್ ಕುಡೀತಿಯೇನು?"

"ಕೊಡು" ಅಂದ್ಲು. ಕೊಟ್ಟೆ. ಆ ಮಾತು ಮತ್ತೆ ಬರಲಿಲ್ಲ. ಹನ್ನೊಂದು ದಿನಕ್ಕೆ ಅಜ್ಜಿ ಹೋದ್ಲು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಇಂಥ ಮಾತು ಬಂದಾಗ ಏನು ಮಾಡಬೇಕು ಅಂತ ಕಲಿಸೋಕೇ ಜಗತ್ತಲ್ಲಿ ಮೇಷ್ಟ್ರುಗಳಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಇವತ್ತು ಅವರ ಬಗ್ಗೆ ಮಾತಾಡೋಣ.

ಅಮೆರಿಕ, ಬ್ರಿಟನ್ ಕಡೆ 'ಇಂಟರ್‌ಫೇತ್ ಮಿನಿಸ್ಟರ್' ಅಂತ ಒಂದು ಕೆಲಸ ಇದೆ. ಮಿನಿಸ್ಟರ್ ಅಂದ ತಕ್ಷಣ ವಿಧಾನಸೌಧಕ್ಕೆ ಹೋಗಬೇಡಿ. ಇಲ್ಲಿ ಮಿನಿಸ್ಟರ್ ಅಂದ್ರೆ ಧಾರ್ಮಿಕ ಸೇವೆ ಮಾಡೋರು. ಪಾದ್ರಿ ಚರ್ಚಿಗೆ, ರಬ್ಬಿ ಯಹೂದಿ ಸಮುದಾಯಕ್ಕೆ ಸೇರಿದ ಹಾಗೆ ಇವರು ಒಂದೇ ಧರ್ಮದ ಜನಕ್ಕೆ ಸೇರಿದೋರಲ್ಲ. ಹುಡುಗಿ ಯಹೂದಿ, ಹುಡುಗ ಹಿಂದೂ, ಮದುವೆ ಮಾಡಿಸೋರು ಯಾರು? ತೀರಿಕೊಂಡ ಅಪ್ಪ ಯಾವ ದೇವರನ್ನೂ ನಂಬ್ತಿರಲಿಲ್ಲ, ಆದ್ರೂ ಮಕ್ಕಳಿಗೆ ಒಂದು ವಿದಾಯ ಬೇಕು, ನಡೆಸಿಕೊಡೋರು ಯಾರು? ಅಲ್ಲಿ ಇವರು ಬರ್ತಾರೆ. ಕೆಲವರು ಆಸ್ಪತ್ರೆ, ಜೈಲುಗಳಲ್ಲೂ ಕೆಲಸ ಮಾಡ್ತಾರೆ. ಪ್ಯೂ ರಿಸರ್ಚ್ ಸೆಂಟರ್‌ನ ಸಮೀಕ್ಷೆಗಳ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಸುಮಾರು 10ರಲ್ಲಿ 3 ಮಂದಿ ತಾವು ಯಾವ ಧರ್ಮಕ್ಕೂ ಸೇರಿಲ್ಲ ಅಂತಾರೆ. ಅವರಿಗೂ ಕಾಯಿಲೆ ಬರುತ್ತೆ, ಅವರ ಮನೇಲೂ ಸಾವಾಗುತ್ತೆ.

ಇಂಥೋರನ್ನ ತಯಾರು ಮಾಡೋ ಶಾಲೆಗಳಲ್ಲಿ ಹಳೇ ಹೆಸರು ನ್ಯೂಯಾರ್ಕ್‌ನ 'ದಿ ನ್ಯೂ ಸೆಮಿನರಿ'. 1979ರಲ್ಲಿ ಶುರುವಾಯ್ತು. ಹಿಂದಿದ್ದ ಮುಖ್ಯ ವ್ಯಕ್ತಿ ರಬ್ಬಿ ಜೋಸೆಫ್ ಗೆಲ್ಬರ್ಮನ್. ಹಂಗೇರಿಯಲ್ಲಿ ಹುಟ್ಟಿದ ಯಹೂದಿ, ನಾಜಿಗಳ ನರಮೇಧದಲ್ಲಿ ತಮ್ಮವರನ್ನ ಕಳ್ಕೊಂಡವರು. ಅಷ್ಟಾದ ಮೇಲೂ ಅವರು ಬಾಗಿಲು ಹಾಕ್ಕೊಳ್ಳಲಿಲ್ಲ, ಬೇರೆ ಧರ್ಮದೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಶಾಲೆ ಕಟ್ಟಿದ್ರು. ಆ ಜೊತೆಗಾರರಲ್ಲಿ ಒಬ್ಬರು ಕೊಯಮತ್ತೂರು ಕಡೆಯ ಸ್ವಾಮಿ ಸಚ್ಚಿದಾನಂದ. 1969ರ ವುಡ್‌ಸ್ಟಾಕ್ ಸಂಗೀತೋತ್ಸವವನ್ನ ಉದ್ಘಾಟಿಸಿ ಮಾತಾಡಿದ್ದು ಇವರೇ. ಗೆಲ್ಬರ್ಮನ್ ಹೇಳ್ತಿದ್ದ ತತ್ವ ಸರಳ: ಇನ್ನೊಂದು ಧರ್ಮದಿಂದ ಕಲಿಯೋದು ನಿನ್ನ ಧರ್ಮದ ಬದಲಿಗೆ ಅಲ್ಲ, ಅದರ ಜೊತೆಗೆ.

ಈಗ ನಿಮ್ಮ ತಲೇಲಿ ಒಂದು ಡೌಟ್ ಬಂದಿರಬೇಕು. ನನಗೂ ಬಂತು. ಎಲ್ಲ ಧರ್ಮದ್ದೂ ಸ್ವಲ್ಪ ಸ್ವಲ್ಪ ಓದಿ, ಒಂದು ಸರ್ಟಿಫಿಕೇಟ್ ತಗೊಂಡು ಮಿನಿಸ್ಟರ್ ಆಗಿಬಿಡೋದಾ? ಡೌಟ್ ಸುಳ್ಳಲ್ಲ. ಅಮೆರಿಕದಲ್ಲಿ ಯೂನಿವರ್ಸಲ್ ಲೈಫ್ ಚರ್ಚ್ ಅಂತ ಒಂದಿದೆ. ಅದರ ವೆಬ್‌ಸೈಟಲ್ಲಿ ಹೆಸರು, ವಿಳಾಸ ತುಂಬಿದ್ರೆ ಕೆಲವೇ ನಿಮಿಷದಲ್ಲಿ, ದುಡ್ಡಿಲ್ಲದೆ, ನೀವು ಮಿನಿಸ್ಟರ್. ಫ್ರೆಂಡ್ ಮದುವೆ ಮಾಡಿಸೋಕೆ ಅಂತಲೇ ಜನ ಇದನ್ನ ಮಾಡ್ತಾರೆ. ಮದುವೆಗೆ ಅದು ಸಾಕಾಗಬಹುದು. ಆದ್ರೆ ಸಾಯ್ತಿರೋರ ಪಕ್ಕ ಕೂರೋಕೆ?

ಅದಕ್ಕೆ ಬೇರೆ ಥರದ ಗುರು ಬೇಕು. ಆ ಗುರುಗಳ ಕಥೆ 1920ರಲ್ಲಿ ಶುರುವಾಗುತ್ತೆ, ಅದೂ ಮಾನಸಿಕ ಆಸ್ಪತ್ರೆಯಲ್ಲಿ.

ಆಂಟನ್ ಬೋಯ್ಸನ್ ಅಂತ ಅಮೆರಿಕದ ಒಬ್ಬ ಪಾದ್ರಿ. ಮೊದಲು ಅರಣ್ಯಶಾಸ್ತ್ರ ಓದಿ, ಆಮೇಲೆ ಚರ್ಚ್ ಕಡೆ ಬಂದವರು. 1920ರಲ್ಲಿ ಅವರಿಗೇ ತೀವ್ರವಾದ ಮಾನಸಿಕ ಕಾಯಿಲೆ ಆಗಿ ಆಸ್ಪತ್ರೆಗೆ ಸೇರಿಸಬೇಕಾಯ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ರು. ಅಲ್ಲಿ ಅವರಿಗೆ ಒಂದು ವಿಷಯ ಹೊಳೀತು. ಇಲ್ಲಿರೋ ಜನರ ಭಯ, ಅಪರಾಧಿ ಭಾವ, ದೇವರ ಬಗೆಗಿನ ಪ್ರಶ್ನೆಗಳು ಎಲ್ಲಾ ನಿಜ. ಆದ್ರೆ ಧರ್ಮ ಓದಿ ಬರೋ ಪಾದ್ರಿಗಳಿಗೆ ಇದನ್ನ ಕೇಳಿಸಿಕೊಳ್ಳೋಕೇ ಬರಲ್ಲ.

ಗುಣವಾಗಿ ಹೊರಗೆ ಬಂದ ಮೇಲೆ 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸ್ಟೇಟ್ ಹಾಸ್ಪಿಟಲ್‌ಗೆ ಚಾಪ್ಲೇನ್ ಆಗಿ ಸೇರಿದ್ರು. ಚಾಪ್ಲೇನ್ ಅಂದ್ರೆ ಆಸ್ಪತ್ರೆ, ಸೈನ್ಯ, ಜೈಲು ಇಂಥ ಕಡೆ ಇರೋ ಧಾರ್ಮಿಕ ಸಲಹೆಗಾರರು. 1925ರ ಬೇಸಿಗೆಯಲ್ಲಿ ಧರ್ಮಶಾಸ್ತ್ರ ಓದ್ತಿದ್ದ ನಾಲ್ಕು ವಿದ್ಯಾರ್ಥಿಗಳನ್ನ ಆಸ್ಪತ್ರೆಗೆ ಕರ್ಕೊಂಡು ಬಂದ್ರು. ಉಪನ್ಯಾಸ ಕೇಳಿಸೋಕಲ್ಲ, ವಾರ್ಡ್ ಅಟೆಂಡರ್ ಕೆಲಸಕ್ಕೆ. ಹಗಲೆಲ್ಲ ರೋಗಿಗಳ ಜೊತೆ ಕೆಲಸ, ಆಮೇಲೆ ಕೂತು ಚರ್ಚೆ. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಮನುಷ್ಯನನ್ನ ಓದು, ಅವನೇ ಜೀವಂತ ದಾಖಲೆ ಅನ್ನೋದು ಬೋಯ್ಸನ್ ಪಾಠ. ಒಂದು ಕಾಲಕ್ಕೆ ಅದೇ ಥರ ಬೆಡ್ ಮೇಲೆ ಮಲಗಿದ್ದವರು ಈಗ ಮೇಷ್ಟ್ರು. ಅವರಿಗೆ ಆ ಅಧಿಕಾರ ಬಂದಿದ್ದು ಅಲ್ಲಿಂದಲೇ ಅಂತ ನನಗನಿಸುತ್ತೆ.

ಈ ಪದ್ಧತಿಗೆ ಈಗ ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್, ಸಿಪಿಇ ಅಂತಾರೆ. ಶುರುವಾಗಿದ್ದು ಕ್ರಿಶ್ಚಿಯನ್ ಪಾದ್ರಿಗಳಿಗೆ. ಇವತ್ತು ಅಮೆರಿಕದ ಒಂದು ಸಿಪಿಇ ಗುಂಪಲ್ಲಿ ಯಹೂದಿ, ಮುಸ್ಲಿಂ, ಬೌದ್ಧ, ಇಂಟರ್‌ಫೇತ್ ಸೆಮಿನರಿಯಿಂದ ಬಂದೋರು, ದೇವರನ್ನ ನಂಬದೋರು ಒಟ್ಟಿಗೆ ಕೂರಬಹುದು. ಒಂದು ಯೂನಿಟ್ ಅಂದ್ರೆ ಕನಿಷ್ಠ 400 ಗಂಟೆ. ಹೆಚ್ಚಿನ ಸಮಯ ರೋಗಿಗಳ ಜೊತೆ, ಉಳಿದದ್ದು ಗುಂಪಲ್ಲಿ ಮತ್ತು ಗುರುವಿನ ಜೊತೆ. ಬೋರ್ಡ್ ಸರ್ಟಿಫಿಕೇಟ್ ಇರೋ ಚಾಪ್ಲೇನ್ ಆಗಬೇಕಂದ್ರೆ ಸಾಮಾನ್ಯವಾಗಿ ಇಂಥ ನಾಲ್ಕು ಯೂನಿಟ್, ಅಂದ್ರೆ 1600 ಗಂಟೆ.

ಅಷ್ಟು ಹೊತ್ತು ಗುರು ಏನು ಕಲಿಸ್ತಾರೆ? ಇಲ್ಲಿ 'ವರ್ಬೇಟಿಮ್' ಅನ್ನೋ ಒಂದು ಸಾಧನ ಬರುತ್ತೆ. ಇದನ್ನ ಬಳಕೆಗೆ ತಂದವರಲ್ಲಿ ಮುಖ್ಯರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ಚಾಪ್ಲೇನ್ ಆಗಿದ್ದ ರಸೆಲ್ ಡಿಕ್ಸ್. ವಿದ್ಯಾರ್ಥಿ ರೋಗಿ ಹತ್ರ ಮಾತಾಡಿ ಬಂದ ಮೇಲೆ, ನೆನಪಿಂದ ಆ ಮಾತುಕತೆಯನ್ನ ಸಾಲು ಸಾಲಾಗಿ ಬರೀಬೇಕು. ಅವರು ಹೀಗಂದ್ರು, ನಾನು ಹೀಗಂದೆ. ಪ್ರತಿ ಸಾಲಿಗೂ ನಂಬರ್. ಮಧ್ಯೆ ಮೌನ ಇದ್ರೆ ಅದನ್ನೂ ಬರೀಬೇಕು. ಆಗ ತನ್ನ ಮನಸ್ಸಲ್ಲಿ ಏನು ಓಡ್ತಿತ್ತು ಅನ್ನೋದನ್ನೂ ಬರೀಬೇಕು. ಆಮೇಲೆ ಗುಂಪಿನ ಮುಂದೆ ಅದನ್ನ ಓದಬೇಕು.

ಒಂದು ಉದಾಹರಣೆ ನಾನೇ ಕಟ್ಟಿ ಹೇಳ್ತೀನಿ. ರೋಗಿ ಹೇಳ್ತಾರೆ: "ನಾಳೆ ಆಪರೇಷನ್. ಮಕ್ಕಳಿನ್ನೂ ಚಿಕ್ಕವರು." ವಿದ್ಯಾರ್ಥಿ ಹೇಳ್ತಾನೆ: "ಏನೂ ಯೋಚನೆ ಮಾಡಬೇಡಿ, ಇಲ್ಲಿನ ಡಾಕ್ಟರ್‌ಗಳು ತುಂಬಾ ಚೆನ್ನಾಗಿದ್ದಾರೆ." ಕೇಳೋಕೆ ಎಷ್ಟು ಒಳ್ಳೆ ಮಾತು! ಗುರು ಬೈಯಲ್ಲ. ಒಂದೇ ಪ್ರಶ್ನೆ ಕೇಳ್ತಾರೆ: "ಅವರು ಮಕ್ಕಳ ವಿಷಯ ತೆಗೆದ್ರು. ನೀನು ಡಾಕ್ಟರ್ ವಿಷಯಕ್ಕೆ ಯಾಕೆ ಹೋದೆ?" ವಿದ್ಯಾರ್ಥಿ ತುಂಬಾ ಹೊತ್ತು ಸುಮ್ಮನಿರ್ತಾನೆ. ಆಮೇಲೆ ಮೆಲ್ಲಗೆ ಬರುತ್ತೆ: ನಾನು ಚಿಕ್ಕವನಿದ್ದಾಗ ನಮ್ಮಮ್ಮ ಹೋದ್ರು.

ನೋಡಿ, ಇದನ್ನ ಯಾವ ಪುಸ್ತಕವೂ ಹೇಳಿಕೊಡಲ್ಲ. ಯಾಕಂದ್ರೆ ನಾವು ಎಲ್ಲಿ ತಪ್ಪಿಸಿಕೊಂಡ್ವಿ ಅನ್ನೋದು ನಮಗೆ ಕಾಣಲ್ಲ. ಅದು ನಮಗೆ ಒಳ್ಳೆತನದ ಥರಾನೇ ಕಾಣುತ್ತೆ. ಪಕ್ಕದಲ್ಲಿ ಕೂತು ತೋರಿಸೋಕೆ ಒಬ್ಬರು ಬೇಕು.

ನಾನು ಬಿಕಾಂ ಓದಿದವಳು, ಹಾಗಾಗಿ ನನಗೆ ತಕ್ಷಣ ನೆನಪಾಗಿದ್ದು ಸಿಎ ಮಾಡ್ತಿದ್ದ ಫ್ರೆಂಡ್ಸ್‌ನ ಆರ್ಟಿಕಲ್‌ಶಿಪ್. ಪುಸ್ತಕದಲ್ಲಿ ಆಡಿಟಿಂಗ್ ಓದಿ ಫುಲ್ ಮಾರ್ಕ್ಸ್ ತಗೊಂಡೋರು ಮೊದಲ ಸಲ ಕ್ಲೈಂಟ್ ಆಫೀಸಲ್ಲಿ ವೋಚರ್ ಫೈಲ್ ಮುಂದೆ ಕೂತಾಗ ಬೆವರ್ತಾರೆ. ಸೀನಿಯರ್ ಬಂದು ಒಂದು ಬಿಲ್ ಮೇಲೆ ಬೆರಳಿಟ್ಟು "ಇದರ ಡೇಟ್ ನೋಡಿದ್ಯಾ?" ಅಂತಾರೆ. ವರ್ಬೇಟಿಮ್ ಅಂದ್ರೆ ಮಾತಿನ ಆಡಿಟ್. ಒಂದೇ ವ್ಯತ್ಯಾಸ, ಇಲ್ಲಿ ಲೆಕ್ಕ ತಪ್ಪಿದ್ದು ಕ್ಲೈಂಟ್ ಕಡೆಯಲ್ಲ, ಆಡಿಟರ್ ಕಡೆ.

ಈ ಗುರುಗಳಿಗೂ ಗುರುಗಳಿದ್ದಾರೆ ಅನ್ನೋದು ನನಗೆ ತುಂಬಾ ಇಷ್ಟವಾಯ್ತು. ಸಿಪಿಇ ಕಲಿಸೋ ಅರ್ಹತೆ ಪಡೆಯೋಕೆ ಮೊದಲು ಅವರೂ ವಿದ್ಯಾರ್ಥಿಯಾಗಿ ಆ ಯೂನಿಟ್‌ಗಳನ್ನ ಮುಗಿಸಿರಬೇಕು. ಆಮೇಲೆ ವರ್ಷಗಟ್ಟಲೆ, ತಾವು ಕಲಿಸೋ ರೀತಿಯನ್ನೇ ಇನ್ನೊಬ್ಬ ಹಿರಿಯರ ಮುಂದೆ ಇಟ್ಟು ಪರೀಕ್ಷೆ ಮಾಡಿಸ್ಕೋಬೇಕು.

ಹಾಗಂತ ಎಲ್ಲಾ ಸಲೀಸಲ್ಲ. ತನ್ನ ಧರ್ಮದಲ್ಲಿ ಗಟ್ಟಿ ನಂಬಿಕೆ ಇರೋ ಒಬ್ಬ ವಿದ್ಯಾರ್ಥಿ ಬರ್ತಾನೆ ಅಂತಿಟ್ಕೊಳ್ಳಿ. ಅವನ ಮುಂದೆ ಒಬ್ಬ ನಾಸ್ತಿಕ ಸಾಯ್ತಿದಾನೆ. ಇವನಿಗೆ ನಿಜವಾಗಲೂ ಅನಿಸುತ್ತೆ, ಈಗ ನಾನು ದೇವರ ಹೆಸರು ಹೇಳದೆ ಇದ್ರೆ ಇವನಿಗೆ ಅನ್ಯಾಯ ಮಾಡಿದಂಗೆ ಅಂತ. ಆದ್ರೆ ಆಸ್ಪತ್ರೆ ಚಾಪ್ಲೇನ್‌ಗಳ ವೃತ್ತಿ ನಿಯಮದಲ್ಲಿ ಸ್ಪಷ್ಟವಾಗಿದೆ: ತಮ್ಮ ನಂಬಿಕೆಯನ್ನ ರೋಗಿ ಮೇಲೆ ಹೇರೋ ಹಾಗಿಲ್ಲ. ಗುರು ಈ ಹುಡುಗನ ನಂಬಿಕೆಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ. ಇನ್ನೊಂದು ಕಡೆ, ಎಲ್ಲ ಧರ್ಮವೂ ಒಂದೇ ಅಂತ ನಗ್ತಾ ಬರೋ ಇಂಟರ್‌ಫೇತ್ ವಿದ್ಯಾರ್ಥಿ. ಅವನಿಗೂ ಅಷ್ಟೇ ಕಷ್ಟ ಕಾದಿದೆ. ಬೆಡ್ ಮೇಲಿರೋ ಮುಸ್ಲಿಂ ತಾಯಿಗೆ, ಕ್ಯಾಥೊಲಿಕ್ ಮುದುಕರಿಗೆ ಎಲ್ಲವೂ ಒಂದೇ ಅಲ್ಲ. ಅವರಿಗೆ ಬೇಕಾಗಿರೋದು ಅವರದೇ ಪ್ರಾರ್ಥನೆ. 'ಎಲ್ಲಾ ಒಂದೇ' ಅನ್ನೋದೂ ಹೇರಿಕೆಯೇ ಆಗಬಹುದು. ಹಾಗಾಗಿ ಇಬ್ಬರಿಗೂ ಗುರು ಕಲಿಸೋದು ಒಂದೇ ಪಾಠ: ನಿನ್ನ ಉತ್ತರ ನಿನ್ನ ಹತ್ರಾನೇ ಇರಲಿ, ಅವರ ಪ್ರಶ್ನೆ ಪೂರ್ತಿ ಹೊರಗೆ ಬರಲಿ.

ನಮ್ಮಲ್ಲಿ? ಅಜ್ಜಿ ಇದ್ದ ಆಸ್ಪತ್ರೆಯ ಕೆಳಗಡೆ ಒಂದು ಗಣಪತಿ ಗುಡಿ ಇತ್ತು. ದಿನಾ ಕೈ ಮುಗಿದೇ ಲಿಫ್ಟ್ ಹತ್ತುತ್ತಿದ್ದೆ. ಅಜ್ಜಿ ಮೂರನೇ ಮಹಡಿಯಲ್ಲಿದ್ಲು, ಆ ಪ್ರಶ್ನೆನೂ ಅಲ್ಲೇ ಇತ್ತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನ ಉಚಿತವಾಗಿ ನೋಡ್ಕೊಳ್ತಾರೆ, ಮಾತಾಡೋಕೆ ಆಪ್ತ ಸಮಾಲೋಚಕರೂ ಇರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆ ಅಂದ್ರೆ ಏನು ಅಂತ ಹೇಳುವಾಗಲೂ ಮೈ ನೋವಿನ ಜೊತೆ ಮನಸ್ಸಿನ, ಆಧ್ಯಾತ್ಮಿಕ ನೋವನ್ನೂ ಸೇರಿಸಿದೆ. ಆದ್ರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಆ ಕುರ್ಚಿ ಮೇಲೆ ಕೂರೋದು ನಾವೇ. ಮೊಮ್ಮಗಳು, ಮಗ, ಸೊಸೆ. ಯಾವ ಟ್ರೈನಿಂಗೂ ಇಲ್ಲದೆ, ಕೈಯಲ್ಲೊಂದು ಫೋನ್ ಹಿಡ್ಕೊಂಡು.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ವರ್ಬೇಟಿಮ್ ಬರೆದೆ. ಅಜ್ಜಿಯ ಮೂರು ಸಾಲು ಕೂಡ ಇಲ್ಲ, ಅಷ್ಟು ಚಿಕ್ಕದು. ಬರೆದು ಒಬ್ಬ ಫ್ರೆಂಡ್‌ಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ ಒಂದೇ ಮಾತು ಕೇಳಿದ್ಲು: "ಜ್ಯೂಸ್ ಬೇಕು ಅಂತ ಅಜ್ಜಿ ಕೇಳಿದ್ರಾ?"

ಇಲ್ಲ. ಅಜ್ಜಿ ಕೇಳಿರಲಿಲ್ಲ. ಎದ್ದು ಹೋಗೋಕೆ ನನಗೊಂದು ನೆಪ ಬೇಕಿತ್ತು. 'ದೇವರದಾನ' ಅಂದಿದ್ದೂ ಭಕ್ತಿಯಿಂದಲ್ಲ, ಮಾತು ಅಲ್ಲಿಗೇ ನಿಲ್ಲಲಿ ಅಂತ.

ಅಜ್ಜಿ ಹೋಗಿ ಕೆಲವು ತಿಂಗಳಾದ ಮೇಲೆ ಅಮ್ಮ ಹೇಳಿದ್ಲು. ನಮ್ಮಪ್ಪನಿಗಿಂತ ಮೊದಲು ಅಜ್ಜಿಗೆ ಒಬ್ಬ ಮಗ ಇದ್ದನಂತೆ. ಆರು ವರ್ಷದವನಿದ್ದಾಗ ಜ್ವರ ಬಂದು ಹೋದ. ಮನೇಲಿ ಅವನ ಹೆಸರನ್ನ ಯಾರೂ ತೆಗೀತಿರಲಿಲ್ಲ. ಆವತ್ತು ಮಧ್ಯಾಹ್ನ ಅಜ್ಜಿ ಕೇಳಿದ್ದು ಅವನ ಬಗ್ಗೆನಾ? ನನಗೆ ಗೊತ್ತಿಲ್ಲ. ಗೊತ್ತಾಗೋ ದಾರಿನೂ ಈಗ ಇಲ್ಲ. ಆ ರೂಮಲ್ಲಿ ಕೇಳಬಹುದಾಗಿದ್ದವಳು ನಾನೊಬ್ಬಳೇ. "ಯಾಕ ಅಜ್ಜಿ ಹಂಗ ಅನಸ್ತು?" ಅಂದಿದ್ರೆ ಸಾಕಿತ್ತು. ಕುರ್ಚಿಯಿಂದ ಏಳದೆ.

ನೀವು ಈ ವಾರ ಯಾರನ್ನಾದ್ರೂ ನೋಡೋಕೆ ಆಸ್ಪತ್ರೆಗೆ ಹೋಗ್ತಿದ್ರೆ, ಹಣ್ಣು ತಗೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ ಅವರು ಏನಾದ್ರೂ ಕಷ್ಟದ ಮಾತು ತೆಗೆದಾಗ ಹಣ್ಣು ಬಿಡಿಸೋಕೆ ಶುರು ಮಾಡಬೇಡಿ. ಸ್ವಲ್ಪ ಹೊತ್ತು ಕೂತಿರಿ. ಮನೆಗೆ ಬಂದು ಆ ಮಾತುಕತೆಯನ್ನ ಸಾಲು ಸಾಲಾಗಿ ಬರೆದು, ನಿಮಗೆ ಸುಳ್ಳು ಹೇಳದ ಒಬ್ಬರಿಗೆ ಓದಿ ಹೇಳಿ.

ನಿಮ್ಮ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ, ನಾನು ಕೇಳ್ತೀನಿ. ಈ ಸಲ ಪೂರ್ತಿ ಕೇಳ್ತೀನಿ.