ಆಂಗ್ಲವಿದ್ಯೆಯೂ ಮನೆಮಾತೂ
(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಮ್ಮ ಮಕ್ಕಳು ಇಂಗ್ಲಿಷನ್ನು ಕಲಿಯಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ಕಲಿಯಬೇಕೆಂಬುದು ತಂದೆತಾಯ್ಗಳ ಮನಸ್ಸಿನಲ್ಲಿ ನಿಶ್ಚಿತವಾಗಿದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಹೇಗೆ ಕಲಿಸಬೇಕೆಂಬುದೇ ವಿಚಾರಣೀಯವಾದ ವಿಷಯ. ಇಂಗ್ಲಿಷ್ ಬರಬೇಕಾದರೆ ಮನೆಮಾತನ್ನು ಶಾಲೆಯ ಬಾಗಿಲಲ್ಲಿಯೇ ಬಿಟ್ಟುಬರಬೇಕೆಂಬ ಭಾವನೆಯು ಬಹುಜನರಲ್ಲಿ ಬೇರೂರಿದೆ. ಇಂಗ್ಲಿಷೇ ಪ್ರಧಾನವಾಗಿರುವ ಅಮೆರಿಕ ದೇಶದಲ್ಲಿ ಈ ಭಾವನೆಯ ಗತಿಯೇನಾಯಿತೆಂಬುದನ್ನು ನೋಡಿದರೆ ನಮಗೆ ವಿವೇಕವುಂಟಾದೀತು. ಆ ದೇಶದ ಸರ್ಕಾರೀ ಶಾಲೆಗಳಲ್ಲಿ ಹತ್ತು ಮಕ್ಕಳಿಗೆ ಸುಮಾರು ಒಬ್ಬರಂತೆ ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವವರೇ; ಅವರಲ್ಲಿ ಬಹುಪಾಲು ಮಂದಿಯ ಮನೆಮಾತು ಸ್ಪ್ಯಾನಿಷ್.

೧೯೭೦ರಲ್ಲಿ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ, ಡಯಾನಾ ಎಂಬ ಹೆಸರಿನ ಮೊಕದ್ದಮೆಯಲ್ಲಿ, ಒಂಬತ್ತು ಮಕ್ಕಳ ಸಂಗತಿ ನ್ಯಾಯಸ್ಥಾನಕ್ಕೆ ಬಂದಿತು. ಅವರ ಮನೆಮಾತು ಸ್ಪ್ಯಾನಿಷ್. ಬುದ್ಧಿಪರೀಕ್ಷೆ ನಡೆದುದು ಇಂಗ್ಲಿಷಿನಲ್ಲಿ. ಉತ್ತರ ಹೇಳಲಾರದ ಅವರನ್ನು ಮಂದಬುದ್ಧಿಯವರ ತರಗತಿಗೆ ಸೇರಿಸಿದ್ದರು. ಸ್ಪ್ಯಾನಿಷ್ ಬಲ್ಲವರು ಪುನಃ ಪರೀಕ್ಷಿಸಿದಾಗ, ಅವರಲ್ಲಿ ಬಹುಮಂದಿ ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ತಿಳಿದುಬಂದಿತು. ಭಾಷೆ ಬಾರದಿರುವುದು ಬೇರೆ, ಬುದ್ಧಿ ಇಲ್ಲದಿರುವುದು ಬೇರೆ. ಈ ವಿವೇಕವಿಲ್ಲದ ಉಪಾಧ್ಯಾಯನು ಒಂದು ಜೀವದ ಭವಿಷ್ಯವನ್ನೇ ಕೆಡಿಸಬಲ್ಲನು.

ಸಾನ್‌ಫ್ರಾನ್ಸಿಸ್ಕೊ ನಗರದ ಸಂಗತಿ ಇನ್ನೂ ಪ್ರಸಿದ್ಧವಾದುದು. ಅಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳು ೨೮೦೦ಕ್ಕೂ ಮಿಕ್ಕಿದ್ದರು. ಅವರಲ್ಲಿ ಸುಮಾರು ಸಾವಿರ ಮಂದಿಗೆ ಮಾತ್ರ ವಿಶೇಷಪಾಠವಿತ್ತು. ಉಳಿದ ಸುಮಾರು ೧೮೦೦ ಮಂದಿ ಅರ್ಥವಾಗದ ಪಾಠಕ್ಕೆ ಕಿವಿಗೊಟ್ಟು ಕುಳಿತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಉಪಾಧ್ಯಾಯ. ಇದಕ್ಕಿಂತ ಸಮಾನತೆ ಏನು ಬೇಕೆಂಬುದು ಶಾಲಾಧಿಕಾರಿಗಳ ವಾದ. ಲಾವ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ಆ ವಾದವನ್ನು ತಳ್ಳಿಹಾಕಿತು. ತಿಳಿಯದ ನುಡಿಯಲ್ಲಿ ಸಮಾನವಾಗಿ ಬಡಿಸಿದ ಪಾಠವು ಸಮಾನ ಪಾಠವಾಗಲಾರದೆಂಬುದು ಆ ತೀರ್ಪಿನ ತಿರುಳು. ಕೊಕ್ಕರೆಗೆ ತಟ್ಟೆಯಲ್ಲಿ ಪಾಯಸವಿಟ್ಟ ನರಿಯ ಔತಣವನ್ನು ಇಲ್ಲಿ ನೆನೆಯಬಹುದು.

ಬಳಿಕ ೧೯೮೧ರಲ್ಲಿ ಟೆಕ್ಸಸ್ ಪ್ರಾಂತದ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಾಲಯವು ಮೂರು ಪ್ರಶ್ನೆಗಳನ್ನಿಟ್ಟಿತು: ಬೋಧನಕ್ರಮಕ್ಕೆ ಶಾಸ್ತ್ರದ ಆಧಾರವುಂಟೇ? ಅದನ್ನು ನಡೆಸಲು ತಕ್ಕ ಉಪಾಧ್ಯಾಯರೂ ಸಾಧನಗಳೂ ಉಂಟೇ? ನಡೆಸಿದ ಮೇಲೆ ಮಕ್ಕಳಿಗೆ ಫಲ ದೊರೆಯಿತೇ? ಯಾವ ದೇಶದ ಯಾವ ಶಾಲೆಯನ್ನಾದರೂ ಈ ಮೂರರಿಂದ ಒರೆಗೆ ಹಚ್ಚಬಹುದು.

ಇಂಗ್ಲಿಷ್ ಬರಲು ಎಷ್ಟು ಕಾಲ ಬೇಕು? ಆಟದ ಬಯಲಿನ ಮಾತು ಸುಮಾರು ಎರಡು ವರ್ಷಗಳಲ್ಲಿ ಬರುವುದು. ಪುಸ್ತಕದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷಗಳು ಹಿಡಿಯುವುವೆಂದು ಕೆನಡಾದ ವಿದ್ವಾಂಸರಾದ ಜಿಮ್ ಕಮಿನ್ಸರು ತೋರಿಸಿದರು. ಹೀಗಿದ್ದರೂ ಕ್ಯಾಲಿಫೋರ್ನಿಯದ ಮತದಾರರು ೧೯೯೮ರಲ್ಲಿ, ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಒಂದು ವರ್ಷದ ಇಂಗ್ಲಿಷ್ ಪಾಠವೇ ಸಾಕೆಂದು ಗೊತ್ತುಮಾಡಿ, ದ್ವಿಭಾಷಾ ಬೋಧನೆಯನ್ನು ಬಹಳವಾಗಿ ಕುಗ್ಗಿಸಿದರು. ಹದಿನೆಂಟು ವರ್ಷಗಳಾದ ಮೇಲೆ, ೨೦೧೬ರಲ್ಲಿ, ಅಲ್ಲಿಯ ಮತದಾರರೇ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಮತವಿತ್ತು ಆ ನಿರ್ಬಂಧವನ್ನು ತೆಗೆದುಹಾಕಿದರು. ಆದರೂ ವಿವಾದ ಮುಗಿದಿಲ್ಲ. ೨೦೨೫ರ ಮಾರ್ಚ್ ತಿಂಗಳಲ್ಲಿ ಅಧ್ಯಕ್ಷರ ಆಜ್ಞೆಯಿಂದ ಇಂಗ್ಲಿಷ್ ಆ ದೇಶದ ಅಧಿಕೃತ ಭಾಷೆಯೆನಿಸಿತು. ಇಂಥ ಮಕ್ಕಳ ವಿಷಯದಲ್ಲಿ ಶಾಲೆಗಳ ಕರ್ತವ್ಯವನ್ನು ವಿವರಿಸಿದ್ದ ೨೦೧೫ರ ಸರ್ಕಾರೀ ಪತ್ರವನ್ನು ಅದೇ ವರ್ಷ ಹಿಂದೆಗೆದುಕೊಂಡರು. ಆದರೆ ಕಾಯಿದೆಯ ಕಟ್ಟಳೆಯನ್ನು ಆಜ್ಞೆಯಾಗಲಿ ಪತ್ರದ ಹಿಂತೆಗೆತವಾಗಲಿ ಅಳಿಸಲಾರದು.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮಗೆ ಇದರ ಮರ್ಮವು ಹೊಸದಲ್ಲ. ಗುರುಗಳು ಶ್ಲೋಕವನ್ನು ಓದಿಸಿ, ಪದಚ್ಛೇದ ಮಾಡಿಸಿ, ಅನ್ವಯವನ್ನು ಹೇಳಿ, ಪ್ರತಿಪದಾರ್ಥವನ್ನೂ ತಾತ್ಪರ್ಯವನ್ನೂ ಕನ್ನಡದಲ್ಲಿ ಬಿಡಿಸಿದ ಮೇಲೆಯೇ ಮುಂದಿನ ಶ್ಲೋಕಕ್ಕೆ ನಡೆಯುತ್ತಿದ್ದರು. ಕನ್ನಡದ ಆಸರೆಯಿಂದ ಸಂಸ್ಕೃತವು ಕೆಡಲಿಲ್ಲ, ಗಟ್ಟಿಯಾಯಿತು. ಅರ್ಥವನ್ನರಿಯದೆ ಅಮರಕೋಶವನ್ನು ಕಂಠಪಾಠ ಮಾಡಿದವರೂ ನಮ್ಮಲ್ಲಿದ್ದರು. ನಾಲಗೆಗೆ ಬಂದುದೆಲ್ಲವೂ ಬುದ್ಧಿಗೆ ಬಂದಂತಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ಅಮೆರಿಕದ ಮಕ್ಕಳಿಗೆ ಬೀದಿಯಲ್ಲಿಯಾದರೂ ಇಂಗ್ಲಿಷ್ ಕಿವಿಗೆ ಬೀಳುವುದು. ನಮ್ಮ ಹಳ್ಳಿಯ ಮಗುವಿಗೆ ಅದೂ ಇಲ್ಲ. ಆದುದರಿಂದ ಮನೆಮಾತಿನ ಆಸರೆ ನಮ್ಮಲ್ಲಿ ಇಮ್ಮಡಿಯಾಗಿ ಬೇಕು. ಮಾಧ್ಯಮದ ಆಯ್ಕೆ ತಂದೆತಾಯ್ಗಳದೆಂದು ೨೦೧೪ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೨೦೧೯-೨೦ನೆಯ ಸಾಲಿನಿಂದ ಕರ್ನಾಟಕದ ಒಂದು ಸಾವಿರ ಸರ್ಕಾರೀ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುವು. ಮಾಧ್ಯಮವನ್ನು ಬದಲಿಸುವುದು ಸುಲಭ. ಎರಡು ಭಾಷೆಗಳನ್ನೂ ಬಲ್ಲ ಉಪಾಧ್ಯಾಯನನ್ನು ಸಿದ್ಧಪಡಿಸುವುದು ಕಷ್ಟ. ಕನ್ನಡವಾಡಿದ ಮಗುವಿಗೆ ದಂಡ ಹಾಕುವ ಶಾಲೆಗಳೂ ನಮ್ಮ ನಡುವೆ ಇರುವುದು ಶೋಚನೀಯ.

ವಿದ್ಯಾಸಂಸ್ಥೆಗಳನ್ನು ನಡೆಸುವ ಮಠಗಳ ಭಕ್ತರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಅರ್ಥವಾಗದೆಂದ ಮಗುವಿಗೆ ಕನ್ನಡದಲ್ಲಿ ತಿಳಿಹೇಳುವುದನ್ನು ಅಪರಾಧವೆಂದೆಣಿಸಬೇಡಿ. ಮಗುವನ್ನು ದಡ್ಡನೆನ್ನುವ ಮೊದಲು ಅದರ ಮಾತಿನಲ್ಲಿಯೇ ಒಮ್ಮೆ ಕೇಳಿನೋಡಿರಿ. ಮನೆಯಲ್ಲಿ ಹರಕು ಇಂಗ್ಲಿಷ್ ಆಡುವುದಕ್ಕಿಂತ ತುಂಬು ಕನ್ನಡದಲ್ಲಿ ಕಥೆ ಹೇಳಿರಿ, ಲೆಕ್ಕ ಮಾಡಿಸಿರಿ, ಪುಸ್ತಕ ಓದಿಸಿರಿ. ಹನ್ನೆರಡನೆಯ ಶತಮಾನದ ಶರಣರು ಅತ್ಯುನ್ನತ ಅನುಭಾವವನ್ನು ಆಡುಮಾತಿನಲ್ಲಿಯೇ ನುಡಿದರು. ಆ ಮಾತಿಗೆ ಗಣಿತದ ಭಾರವಾಗಲಿ ವಿಜ್ಞಾನದ ಭಾರವಾಗಲಿ ಹೆಚ್ಚಾಗದು. ಇಂಗ್ಲಿಷ್ ನಮ್ಮ ಮಕ್ಕಳಿಗೆ ಎರಡನೆಯ ಕಣ್ಣಾಗಲಿ. ಅದಕ್ಕಾಗಿ ಮೊದಲನೆಯದನ್ನು ಕೀಳುವುದು ಬೇಡ.