ಜರಿಯುವ ಗುಡ್ಡವೂ ಅದರ ಬುಡದ ಜನರೂ
(ಮಲೆನಾಡಿನ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಭಾಷಣ)



ಬಯಲುಸೀಮೆಯ ರೈತನಿಗೆ ಮಳೆಯು ಬಾರದಿದ್ದರೆ ಭಯ. ಮಲೆನಾಡಿನ ರೈತನಿಗೆ ಬಂದ ಮಳೆಯು ನಿಲ್ಲದಿದ್ದರೆ ಭಯ. ಪುನರ್ವಸು ಮಳೆಯು ಮೊದಲ್ಗೊಂಡು ಮಘೆಯು ಕಳೆಯುವವರೆಗೆ ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ ವಾಸಿಸತಕ್ಕವರು ಮುಂದಣ ಹೊಳೆಯನ್ನು ಮಾತ್ರವಲ್ಲದೆ ಮನೆಯ ಹಿಂದಣ ಗುಡ್ಡವನ್ನೂ ನೋಡುತ್ತಿರಬೇಕಾಗಿದೆ. ಗುಡ್ಡವು ಏತಕ್ಕೆ ಜರಿಯುತ್ತದೆ, ಜರಿದಾಗ ಯಾರಿಗೆ ಹೆಚ್ಚಿನ ಹಾನಿ, ಭೂಮಿಯ ಒಡೆಯರೂ ಊರಿನ ಮುಖಂಡರೂ ಮಾಡತಕ್ಕುದೇನು ಎಂಬ ಮೂರು ವಿಷಯಗಳನ್ನು ಇಲ್ಲಿ ವಿವರಿಸಲಾಗುವುದು.

2018ನೆಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದು, ಕಾಫಿ ತೋಟಗಳು ಮರಗಳ ಸಹಿತವಾಗಿ ಕಣಿವೆಗೆ ಇಳಿದುವು. ಗದ್ದೆಗಳ ಮೇಲೆ ಕಲ್ಲೂ ಕೆಸರೂ ತುಂಬಿಕೊಂಡುವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಇದೇ ವಿಪತ್ತು ಒದಗಿ ಪ್ರಾಣಹಾನಿಯಾಯಿತು. 2024ನೆಯ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವು ಕುಸಿದು, ರಸ್ತೆಯಂಚಿನ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಸೆಳೆದುಕೊಂಡು ಗಂಗಾವಳಿ ಹೊಳೆಗೆ ಬಿದ್ದಿತು. ಹೊಳೆಯ ನೀರು ಉಕ್ಕಿ ಎದುರು ದಡದ ಉಳುವರೆ ಗ್ರಾಮದ ಮನೆಗಳನ್ನು ಕೆಡವಿತು. ಅದೇ ತಿಂಗಳ 30ರಂದು ನಡುರಾತ್ರಿಯ ಮೇಲೆ, ಕೇರಳದ ವಯನಾಡಿನಲ್ಲಿ ಮುಂಡಕ್ಕೈ ಚೂರಲ್‌ಮಲೆಗಳ ಮೇಲಣ ಬೆಟ್ಟವು ಜರಿದು 250ಕ್ಕೂ ಹೆಚ್ಚು ಮಂದಿ ಮಡಿದರು. ಕೂಲಿಗಾಗಿ ಅಲ್ಲಿಗೆ ಹೋಗಿ ನೆಲಸಿದ್ದ ಚಾಮರಾಜನಗರ ಸೀಮೆಯವರೂ ಅವರಲ್ಲಿ ಇದ್ದರು. ಮುಂಡಕ್ಕೈಯಲ್ಲಿ 1984ರಲ್ಲಿಯೂ, ಸಮೀಪದ ಪುತ್ತುಮಲೆಯಲ್ಲಿ 2019ರಲ್ಲಿಯೂ ಗುಡ್ಡ ಜರಿದಿದ್ದಿತು. ಒಮ್ಮೆ ಜರಿದ ನೆಲೆಯು ಪುನಃ ಜರಿಯಲಾರದೆಂದು ಯಾರೂ ಭಾವಿಸಕೂಡದು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಘಟ್ಟದ ಇಳಿಜಾರುಗಳಲ್ಲಿ ಅಡಿಯಲ್ಲಿ ಗಟ್ಟಿಬಂಡೆಯೂ, ಅದರ ಮೇಲೆ ಕೊಳೆತು ಸಡಿಲಗೊಂಡ ಕಲ್ಲಿನ ಪದರವೂ, ಅದರ ಮೇಲೆ ಮಣ್ಣೂ ಇರುತ್ತವೆ. ದಿನಗಟ್ಟಲೆ ಇಂಗಿದ ನೀರು ಬಂಡೆಯನ್ನು ಮುಟ್ಟಿ ಮುಂದಕ್ಕೆ ಹಾದಿಯಿಲ್ಲದೆ ನಿಲ್ಲುತ್ತದೆ. ಆಗ ಮಣ್ಣಿನ ಭಾರವು ಹೆಚ್ಚುವುದಲ್ಲದೆ, ಒಳಗಣ ನೀರಿನ ಒತ್ತಡದಿಂದ ಅದರ ಹಿಡಿತವೂ ತಪ್ಪುತ್ತದೆ. ಇಂಥ ಸ್ಥಿತಿಯಲ್ಲಿ ಒಂದು ರಾತ್ರಿಯ ಬಿರುಮಳೆಯು ಸಾಕು. ವಯನಾಡಿನ ಆ ಬೆಟ್ಟದ ಬಳಿ ಎರಡು ದಿನಗಳಲ್ಲಿ ಸುಮಾರು 570 ಮಿಲಿಮೀಟರು, ಎಂದರೆ 22 ಅಂಗುಲಕ್ಕೂ ಮಿಗಿಲಾದ ಮಳೆಯು ಬಿದ್ದಿತ್ತು.

ಮಳೆಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಗುಡ್ಡವನ್ನು ದುರ್ಬಲಗೊಳಿಸುವ ಕೆಲಸಗಳು ಅನೇಕವಾಗಿ ಮನುಷ್ಯನವೇ. ಮನೆಗಾಗಿ, ರಸ್ತೆಗಾಗಿ ಬುಡವನ್ನು ನೆಟ್ಟಗೆ ಕಡಿದು ಎತ್ತರವಾದ ಬರೆಯನ್ನು ಬಿಡುವುದು, ಕಡಿದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳುವುದು, ಹಳೆಯ ನೀರುದಾರಿಯನ್ನು ಮುಚ್ಚುವುದು, ಇವು ಮುಖ್ಯವಾದುವು. ಕೊಡಗಿನಲ್ಲಿ ಪರೀಕ್ಷೆ ನಡೆಸಿದ ಭೂವಿಜ್ಞಾನಿಗಳೂ ಇಳಿಜಾರನ್ನು ಮನಸ್ವಿಯಾಗಿ ಕಡಿದುದನ್ನು ಎತ್ತಿ ಹೇಳಿರುತ್ತಾರೆ.

ಇಲ್ಲಿ ವ್ಯವಸಾಯಗಾರರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಬದು ಹಾಕಿ, ಗುಂಡಿ ತೋಡಿ, ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸಬೇಕೆಂಬುದು ಬಯಲುಸೀಮೆಗೂ ಸಾಧಾರಣ ಇಳಿಜಾರಿಗೂ ಒಪ್ಪುವ ಉಪದೇಶ. ಅದನ್ನೇ ಕಡಿದಾದ ಗುಡ್ಡಕ್ಕೆ ಅನ್ವಯಿಸಿ, ಮಣ್ಣು ಆಳವಾಗಿರುವಲ್ಲಿ ಇಂಗುಗುಂಡಿಗಳನ್ನೂ ತೊಟ್ಟಿಲುಗುಂಡಿಗಳನ್ನೂ ತೋಡಿದರೆ, ಜರಿಯಲು ಸಿದ್ಧವಾದ ಮಣ್ಣಿಗೆ ನೀರೂಡಿಸಿದಂತಾಗುವುದು. ಅಂಥ ಕಡೆ ನೀರನ್ನು ಹಿಡಿಯದೆ, ಕಲ್ಲು ಹಾಸಿದ ಕಾಲುವೆಯ ಮೂಲಕ ಮೆಲ್ಲಗೆ ಹಳ್ಳಕ್ಕೆ ಇಳಿಸತಕ್ಕದ್ದು. ಮರಗಳ ಬೇರು ಮೇಲಣ ಮಣ್ಣನ್ನು ಹಿಡಿಯುವುದರಿಂದ ಅವನ್ನು ಉಳಿಸಲೇಬೇಕು. ಆದರೆ ಬೇರಿಗಿಂತ ಆಳದಲ್ಲಿ ಜರಿದರೆ ಮರವೂ ಜೊತೆಯಲ್ಲಿಯೇ ಹೋಗುವುದರಿಂದ, ಮರವಿದೆಯೆಂದು ನಿಶ್ಚಿಂತೆಯಿಂದ ಇರುವುದು ತರವಲ್ಲ.

ಇನ್ನು ಹಾನಿಯ ವಿಷಯ. ತೋಟದ ಒಡೆಯನ ಮನೆಯು ಸಾಮಾನ್ಯವಾಗಿ ವಿಶಾಲವಾದ ತಟ್ಟಿನ ಮೇಲೆ ಇರುತ್ತದೆ. ಕೂಲಿಯವರ ಲೈನುಮನೆಗಳಾದರೋ ಬರೆಯ ಕೆಳಗೋ ಹಳ್ಳದ ಅಂಚಿನಲ್ಲೋ, ಬೇರೆ ಏನೂ ಬೆಳೆಯದ ಜಾಗದಲ್ಲಿ ಇರುತ್ತವೆ. ಆ ಜಾಗವನ್ನು ಅವರು ಆರಿಸಿಕೊಂಡವರಲ್ಲ, ತೋರಿಸಿದಲ್ಲಿ ಇದ್ದವರು. ಗುಡ್ಡ ಜರಿದರೆ ಒಡೆಯನು ಬೆಳೆಯನ್ನೂ ಕೆಲವು ಎಕರೆ ಭೂಮಿಯನ್ನೂ ಕಳೆದುಕೊಳ್ಳುವನು. ಆಳು ಮಕ್ಕಳನ್ನು ಕಳೆದುಕೊಳ್ಳುವನು. ಉಳಿದುಕೊಂಡರೂ ಅವನ ಹೆಸರಿನಲ್ಲಿ ಪಹಣಿಯಿಲ್ಲ, ಮನೆಯ ಪತ್ರವಿಲ್ಲ. ಪರಿಹಾರ ಕೇಳಲು ಕೈಯಲ್ಲಿ ಕಾಗದವಿಲ್ಲ. ಆದುದರಿಂದ ಲೈನುಮನೆಯ ಸ್ಥಳವನ್ನು ಪುನಃ ಪರೀಕ್ಷಿಸಿ, ಅಪಾಯವಿದ್ದಲ್ಲಿ ಬೇಸಗೆಯಲ್ಲಿಯೇ ಬೇರೆಡೆ ಕಟ್ಟಿಸಿಕೊಡುವುದು ಪ್ರತಿಯೊಬ್ಬ ತೋಟಗಾರನ ಮೊದಲನೆಯ ಕರ್ತವ್ಯ. ಅದಕ್ಕೆ ತಗಲುವ ಹಣವನ್ನು ದಾನವೆಂದು ಬರೆಯದೆ ತೋಟದ ಖರ್ಚೆಂದೇ ಬರೆಯತಕ್ಕದ್ದು.

ಗುಡ್ಡವು ಹೆಚ್ಚಾಗಿ ಮುನ್ಸೂಚನೆ ಕೊಡುತ್ತದೆ. ಗುಡ್ಡದ ಮೇಲ್ಭಾಗದಲ್ಲಿ ಕಮಾನಿನಂತೆ ಬಿರುಕು ಬಿಡುವುದು. ಮರಗಳೂ ಕಂಬಗಳೂ ವಾಲುವುದು. ಗೋಡೆ ಸೀಳುವುದು, ಬಾಗಿಲು ಬಿಗಿಯುವುದು. ಇಲ್ಲದಲ್ಲಿ ಒರತೆ ಹುಟ್ಟುವುದು, ತಿಳಿಯಾದ ಒರತೆಯು ಕೆಂಪಾಗುವುದು. ಜೋರು ಮಳೆಯಲ್ಲಿಯೇ ಹಳ್ಳದ ನೀರು ಒಮ್ಮೆಗೆ ಇಳಿಯುವುದು. ಈ ಕೊನೆಯದು ಬಹಳ ಕೆಟ್ಟ ಸೂಚನೆ; ಮೇಲೆಲ್ಲಿಯೋ ಮಣ್ಣು ಕುಸಿದು ನೀರನ್ನು ಕಟ್ಟಿರಬಹುದು. ಗುಡುಗಿನಂಥ ಸದ್ದು ನೆಲದೊಳಗಿಂದ ಕೇಳಿದರೆ ಸಾಮಾನುಗಳಿಗಾಗಿ ನಿಲ್ಲದೆ, ಹಳ್ಳವನ್ನು ಬಿಟ್ಟು ಪಕ್ಕದ ಏರಿಗೆ ಓಡತಕ್ಕದ್ದು. ಹಳ್ಳದ ಜಾಡಿನಲ್ಲಿ ಕೆಳಕ್ಕೆ ಓಡಕೂಡದು.

ಊರಿನ ಮುಖಂಡರು ಮುಂಗಾರಿಗೆ ಮೊದಲೇ ಮಾಡಿ ಮುಗಿಸತಕ್ಕ ಕೆಲಸಗಳು ಇವು. ಬರೆಯ ಕೆಳಗೂ ಹಳ್ಳದ ದಡದಲ್ಲಿಯೂ ಇರುವ ಮನೆಗಳ ಪಟ್ಟಿಯನ್ನು ಬರೆದಿಟ್ಟು, ಅದರಲ್ಲಿ ಮುದುಕರು, ರೋಗಿಗಳು, ಬಸುರಿಯರು, ಕೂಸುಗಳಿರುವ ಮನೆಗಳನ್ನು ಗುರುತು ಮಾಡಬೇಕು. ರಾತ್ರಿ ತಂಗಲು ಶಾಲೆಯನ್ನೋ ಗಟ್ಟಿಯಾದ ಬೇರೆ ಕಟ್ಟಡವನ್ನೋ ಗೊತ್ತುಪಡಿಸಬೇಕು. ಆ ಕಟ್ಟಡವೇ ಬರೆಯ ಕೆಳಗಿಲ್ಲವೆಂದು ನೋಡಿಕೊಳ್ಳಬೇಕು. ನೆಟ್ಟನೆಯ ಗೋಡೆಯುಳ್ಳ, ತಳ ಸಮನಾಗಿರುವ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ ಅಳತೆಪಟ್ಟಿಯಿಂದ ಮಳೆಯನ್ನು ಅಳೆದು ಬರೆಯಬೇಕು. ಬಿರುಕು ಕಂಡಲ್ಲಿ ಜೇಡಿಮಣ್ಣಿನಿಂದ ಮುಚ್ಚಿ, ಮೇಲಣ ನೀರನ್ನು ಬೇರೆ ಕಡೆಗೆ ತಿರುಗಿಸಿ, ಕೆಳಗಣ ಮನೆಗಳನ್ನು ಆ ದಿನವೇ ತೆರವು ಮಾಡಿಸಿ, ತಹಸೀಲ್ದಾರರಿಗೆ ತಿಳಿಸಬೇಕು.

ಮನೆಯನ್ನು ಬಿಟ್ಟು ಹೋಗೆಂದರೆ ಬಡವನು ಹಿಂಜರಿಯುವುದು ಮೂಢತನದಿಂದಲ್ಲ. ಕೋಳಿ, ದನ, ಅಕ್ಕಿಯ ಮೂಟೆ, ಮರುದಿನದ ಕೂಲಿ ಇವೆಲ್ಲ ಅಲ್ಲಿಯೇ ಇರುತ್ತವೆ. ದನಕ್ಕೆ ಕೊಟ್ಟಿಗೆಯನ್ನೂ, ಹೋದ ದಿನದ ಕೂಲಿಯನ್ನೂ ಒಡೆಯನು ಒಪ್ಪಿಕೊಂಡರೆ ಅವನು ಹೇಳಿದೊಡನೆ ಹೊರಡುವನು. ಹತ್ತು ಸಲ ಹೊರಟು ಗುಡ್ಡ ಜರಿಯದೆ ಹೋದರೆ ಹತ್ತು ರಾತ್ರಿಯ ನಿದ್ದೆ ಕೆಟ್ಟಿತೆಂದು ಬಗೆಯಬೇಕು. ಹನ್ನೊಂದನೆಯ ಸಲವೂ ಹೊರಡಿಸಬೇಕು. ಈ ವರ್ಷದ ಪುನರ್ವಸು ಹಿಡಿಯುವುದಕ್ಕೆ ಮುಂಚೆ, ಪ್ರತಿಯೊಬ್ಬ ಜಮೀನುದಾರರೂ ಒಮ್ಮೆ ತಮ್ಮ ಲೈನುಮನೆಗಳ ಹಿಂದೆ ನಿಂತು ಮೇಲಣ ಗುಡ್ಡವನ್ನು ತಲೆಯೆತ್ತಿ ನೋಡಬೇಕೆಂದು ಕೋರಲಾಗಿದೆ.